ಕಾವಲಿನವರು ಮರೆತಿಲ್ಲ

ನಮ್ಮ ಮನೆ, ಕೆಳಗಿನ ಕೋಣೆ, ಬೈಂಡಿಂಗ್ ಮೇಜು
ಫೆಬ್ರವರಿ ೧೯, ಗುರುವಾರ, ಮಧ್ಯಾಹ್ನ ಎರಡು ಗಂಟೆ

ನನ್ನ ಮುದ್ದು ಪುಟ್ಟನಿಗೆ,

ಐವತ್ತಕ್ಕೆ ಎರಡೇ ವರ್ಷ ಬಾಕಿ ಇರುವ, ಕಿವಿಯ ಮೇಲೆ ಕೂದಲು ಬೆಳ್ಳಗಾದ ಗಂಡಸಿಗೆ ಮುದ್ದು ಪುಟ್ಟ ಅಂತ ಬರೆಯುತ್ತಾಳಲ್ಲ ಅಂತ ನೀನು ಅತ್ತಿತ್ತ ನೋಡಿ ಕಾಗದ ಮಡಚಿಕೊಳ್ಳುತ್ತೀಯ, ನನಗೆ ಗೊತ್ತು. ಯಾರೂ ಓದುವುದಿಲ್ಲ, ಮಡಚಬೇಡ. ಹೇಗಿದ್ದೀಯ? ಎಲ್ಲ ಕಾಗದದಲ್ಲೂ ಕೇಳುವ ಹಾಗೆ ಕೇಳುತ್ತಿಲ್ಲ. ಒಂದೊಂದಾಗಿ ಕೇಳುತ್ತೇನೆ, ಮನಸ್ಸಿನಲ್ಲೇ ಉತ್ತರ ಹೇಳಿಕೋ. ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊದಿರುತ್ತದೆಯೇ? ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆಯೇ? ಊಟ ಸೇರುತ್ತದೆಯೇ? ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಲ್ಲೇ ಇದೆ. ಹೊಸ ಕನ್ನಡಕ ಬಂದ ಮೇಲೆ ಸೂಜಿಗೆ ದಾರ ಪೋಣಿಸುವುದು ಮತ್ತೆ ಒಂದೇ ಸಲಕ್ಕೆ ಆಗುತ್ತಿದೆ. ಹತ್ತು ವರ್ಷದ ಹಿಂದೆ ಒಂದನ್ನು ನಿನಗೆ ಕೊಟ್ಟ ಮೇಲೆ ನನ್ನ ಪಾಲಿಗೆ ಉಳಿದ ಕಿಡ್ನಿ ಎರಡರ ಕೆಲಸ ಮಾಡಿಕೊಂಡು ಸದ್ದಿಲ್ಲದೆ ಇದೆ.

ಈ ಕಾಗದ ತಂದುಕೊಟ್ಟವನು ನಿನ್ನ ಜೊತೆ ಕೆಲಸದವನೇ, ನೀವೆಲ್ಲ ಬೋಲ್ಟು ಅಂತ ಕರೆಯುವವನು. ತಾಯಿಯನ್ನು ನೋಡಲು ನಾಲ್ಕು ದಿನ ರಜೆ ಹಾಕಿ ಬಂದಿದ್ದ, ಇವತ್ತು ನಾಲ್ಕೂವರೆಯ ಬಸ್ಸಿಗೆ ನಿಮ್ಮ ಕಟ್ಟಡಕ್ಕೆ ವಾಪಸು ಹೊರಟಿದ್ದಾನೆ. ಚಳಿ ಮುಗಿಯಿತು ಅಂತ ನೀನು ಕಳಿಸಿದ ಬಟ್ಟೆ ಚೀಲವನ್ನು ಬೆಳಗ್ಗೆ ಎಂಟಕ್ಕೇ ತಂದುಕೊಟ್ಟ. ನೆನೆಹಾಕುವ ಮುಂಚೆ ನಾನು ಜೇಬು ನೋಡುತ್ತೇನೆ ಅನ್ನುವುದು ನಿನಗೆ ನಲವತ್ತು ವರ್ಷದಿಂದ ಗೊತ್ತು, ಹಾಗಾಗಿ ಜೇಬಿನಲ್ಲಿ ಏನೂ ಇರಲಿಲ್ಲ. ಬೂದು ಸ್ವೆಟರಿನ ತೋಳಿನೊಳಗೆ ಇತ್ತು. ಏಳು ವರ್ಷದವನಿದ್ದಾಗ ಕಹಿ ಮಾತ್ರೆಯನ್ನು ಕೆನ್ನೆಯಲ್ಲಿ ಒತ್ತಿ ಹಿಡಿದು, ನಾನು ಆಚೆ ತಿರುಗಿದ ಮೇಲೆ ತೋಳಿನೊಳಗೆ ತುರುಕುತ್ತಿದ್ದೆಯಲ್ಲ, ಸ್ವೆಟರು ಬೇರೆ, ಬುದ್ಧಿ ಅದೇ. ಹಳೇ ಪೇಪರಿನಲ್ಲಿ ಸುತ್ತಿದ ಮಾತ್ರೆ ಪಟ್ಟಿಗಳು. ಐದು ತಿಂಗಳಿಗೆ ಅಂತ ನಾನೇ ಕಟ್ಟಿಕೊಟ್ಟಿದ್ದರಲ್ಲಿ ಮೂರು ತಿಂಗಳದ್ದು ಹಾಗೇ ಇದೆ. ಒಂದು ಗುಳಿಯ ಬೆಳ್ಳಿ ಕಾಗದವೂ ಹರಿದಿಲ್ಲ. ನುಂಗಲು ಮನಸ್ಸು ಬಂದಿಲ್ಲ, ಎಸೆಯಲೂ ಮನಸ್ಸು ಬಂದಿಲ್ಲ, ಕೊನೆಗೆ ಎಲ್ಲಿ ಬಚ್ಚಿಟ್ಟೆ ಅನ್ನುವುದನ್ನೇ ಮರೆತು ನೇರ ಅಕ್ಕನ ಮನೆಗೇ ಕಳಿಸಿದ್ದೀಯ. ಕಳ್ಳತನಕ್ಕೆ ನೀನು ಲಾಯಕ್ಕಿಲ್ಲ ಅಂತ ಆಗಲೇ ಹೇಳಿದ್ದೆ.

ಬೋಲ್ಟುಗೆ ನಾನು ಮಾತ್ರೆಯ ವಿಷಯ ಎತ್ತಲಿಲ್ಲ. ಒಂದು ಲೋಟ ಟೀ ಕೊಟ್ಟು, ನಮ್ಮವನು ಹೇಗಿದ್ದಾನಪ್ಪ ಅಂತ ಸುಮ್ಮನೆ ಕೇಳಿದೆ. ಪಾಪ, ನನ್ನನ್ನು ಖುಷಿಪಡಿಸಬೇಕು ಅಂತ ಒಂದೊಂದೇ ಹೇಳಿದ. ಮೊದಲು ಸ್ಕ್ರೂ ಕೂರಿಸುವಾಗ ನಿನ್ನ ಕೈ ನಡುಗುತ್ತಿತ್ತಂತೆ, ಈಗ ಅಕ್ಕಿ ಕಾಳಿನಷ್ಟು ಸಣ್ಣ ಸ್ಕ್ರೂವನ್ನೂ ಒಂದೇ ಸಲಕ್ಕೆ ಕೂರಿಸುತ್ತೀಯಂತೆ. ಹೊತ್ತು ಹೊತ್ತಿಗೆ ನೆಗಡಿ ಹಿಡಿಯುತ್ತಿದ್ದದ್ದೂ ನಿಂತಿದೆಯಂತೆ. ನನಗೆ ಆಗಲೇ ಅರ್ಥವಾಯಿತು. ಕೈ ನಡುಗಿಸುವುದು ಆ ಮಾತ್ರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಲಿಫ್ಟ್ ರಿಪೇರಿಯವನ ಕೈ ನಡುಗುವುದನ್ನು ಮೇಸ್ತ್ರಿ ಒಂದು ದಿನ ನೋಡುತ್ತಾನೆ, ಎರಡು ದಿನ ನೋಡುತ್ತಾನೆ, ಮೂರನೇ ದಿನ ಬಕೆಟ್ಟು ಕೊಟ್ಟು ಕೆಳಗೆ ಕಳಿಸುತ್ತಾನೆ. ನಿನ್ನ ಭಯ ಸುಳ್ಳಲ್ಲ ಪುಟ್ಟ, ಅದನ್ನು ನಾನು ಹಗುರ ಮಾಡುವುದಿಲ್ಲ. ಆಮೇಲೆ ಬೋಲ್ಟು ಇನ್ನೊಂದು ಮಾತು ಹೇಳಿದ. "ಈಗ ಬೂಟು ಹಿಡಿಸಲ್ಲ ಅಂತ ಚಪ್ಪಲೀಲೇ ಬರ್ತಾರೆ ಅಕ್ಕ, ದೊಡ್ಡ ಸಾಹೇಬ್ರ ಥರ." ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವನು ನಗುನಗುತ್ತಲೇ ಮುಂದುವರಿಸಿದ. ನಿನಗೆ ಆ ಕಿಡ್ನಿ ಬಂದಾಗಿನಿಂದ ಬಚ್ಚಲಿಗೆ ಎದ್ದಾಗೆಲ್ಲ ಅಕ್ಕ ಕರೀತಿದ್ದಾಳೆ ಅಂತ ಹೇಳಿ ಹೋಗುವುದು ನಿನ್ನ ತಮಾಷೆಯಲ್ಲವೇ, ಅದು ಅಲ್ಲಿಯೂ ಎಲ್ಲರ ಬಾಯಲ್ಲಿದೆಯಂತೆ. "ಇತ್ತೀಚೆಗೆ ಅಕ್ಕ ಕರೆಯೋದೇ ಕಮ್ಮಿ ಆಗಿದೆ ಅಂತಾರೆ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಅಷ್ಟೇ. ಆರಾಮಾಯ್ತು ಅಂತಾರೆ."

ಆರಾಮಾಯಿತು. ಹತ್ತು ವರ್ಷದಲ್ಲಿ ನಾನು ಕೇಳಿದ ಅತಿ ಕೆಟ್ಟ ಮಾತು ಅದು, ಅದನ್ನು ಹೇಳಿದವನಿಗೆ ಗೊತ್ತೇ ಇರಲಿಲ್ಲ. ನಿಮ್ಮ ಕಟ್ಟಡದ ಆಫೀಸಿಗೆ ಎರಡು ಸಲ ಫೋನು ಮಾಡಿದೆ. ಲಿಫ್ಟಿನ ಶಾಫ್ಟಿನೊಳಗಿದ್ದಾರೆ ಅಂದರು. ಎರಡನೇ ಸಲ ಯಾರೋ ಹೋಗಿ ಕರೆದದ್ದಕ್ಕೆ, ಚೆನ್ನಾಗಿದ್ದೀನಿ ಅಂತ ಹೇಳಿಬಿಡಿ ಅಂತ ಕೆಳಗಿನಿಂದಲೇ ಕೂಗಿದೆಯಂತೆ. ಅದಕ್ಕೇ ಕಾಗದ. ಫೋನನ್ನು ಕೆಳಗಿಡಬಹುದು, ಎದುರಿಗೆ ಕೂತವನು ತಂದ ಕಾಗದವನ್ನು ಓದಲೇಬೇಕು.

ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತು. ಹತ್ತು ವರ್ಷ ಒಂದೇ ಸೂರಿನಡಿ ಇದ್ದವರು ಮನೆಯವರೇ ಆಗಿಹೋಗುತ್ತಾರೆ, ಇನ್ನು ಕಾವಲು ಯಾತಕ್ಕೆ, ಮಾತ್ರೆ ಯಾತಕ್ಕೆ ಅನ್ನುತ್ತೀಯ. ಆ ಮಾತನ್ನು ನಿನ್ನ ಬಾಯಿಗೆ ಹಾಕಿದವಳು ನಾನೇ. ಆ ಪಾಪಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೈಯೊಳಗಿನ ಆ ಕಾವಲಿನವರು ಯಾರು ಅನ್ನುವುದನ್ನು ಸರಿಯಾಗಿ ಹೇಳುತ್ತೇನೆ. ಮೂವತ್ತೆಂಟು ವರ್ಷ ವೈದ್ಯಕೀಯ ಕಾಲೇಜಿನ ಲೈಬ್ರರಿಯ ಹರಿದ ಪುಸ್ತಕ ಕಟ್ಟಿದವಳು ನಾನು. ಬೆನ್ನಿಗೆ ಹಚ್ಚಿದ ಅಂಟು, ಆ ಸರೇಸು, ಒಣಗುವ ತನಕ ಮಾಡಲು ಬೇರೆ ಕೆಲಸವಿಲ್ಲದೆ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ವೈದ್ಯ ಅಂತ ನಗಬೇಡ.

ಪುಸ್ತಕಕ್ಕೆ ರಟ್ಟು ಇದ್ದ ಹಾಗೆ ಮೈಗೆ ಚರ್ಮ. ಹೊರಗಿನ ಧೂಳು, ಹುಳ, ತೇವ ಎಲ್ಲದಕ್ಕೂ ಮೊದಲ ತಡೆ ಅದೇ. ರಟ್ಟು ಬಿರುಕು ಬಿಟ್ಟ ಕಡೆ, ಅಂದರೆ ಮೂಗು, ಬಾಯಿ, ಕಣ್ಣುಗಳಲ್ಲಿ, ಸಿಂಬಳ, ಜೊಲ್ಲು, ಕಣ್ಣೀರು ಕಾಯುತ್ತವೆ. ಕಣ್ಣೀರಿನಲ್ಲಿ ರೋಗಾಣುವಿನ ಗೋಡೆ ಕರಗಿಸುವ ಗುಣವಿದೆ ಅಂತ ಓದಿದ ದಿನ, ಅಮ್ಮ ತೀರಿಕೊಂಡ ವರ್ಷ ನಾವಿಬ್ಬರೂ ಅತ್ತದ್ದು ಪೂರ್ತಿ ದಂಡವಾಗಲಿಲ್ಲ ಅಂದುಕೊಂಡೆ. ಇಷ್ಟನ್ನೂ ದಾಟಿ ಒಳಗೆ ನುಗ್ಗಿದ್ದನ್ನು ನುಂಗುವುದಕ್ಕೆ ರಕ್ತದಲ್ಲಿ ತಿರುಗುವ ಬಿಳಿ ಕಣಗಳಿವೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಹೊರಗಿನದು ಅಂತ ಕಂಡರೆ ಸರಿ, ನುಂಗುತ್ತವೆ. ಗಾಯ ಕೆಂಪಾಗುವುದು, ಊದುವುದು, ಬಿಸಿಯಾಗುವುದು ಅವು ಕೆಲಸಕ್ಕೆ ಬಂದವು ಅನ್ನುವುದರ ಗುರುತು. ಕೀವು ಅಂತ ನಾವು ಮೂಗು ಮುಚ್ಚಿಕೊಳ್ಳುವುದು ಬಹುಪಾಲು ಹೋರಾಡಿ ಸತ್ತ ಈ ಕಣಗಳ ಹೆಣ. ಜ್ವರವೂ ಹಾಗೇ, ಶತ್ರುವಿಗೆ ಹೊಂದದ ಹಾಗೆ ಮೈ ತನ್ನ ಒಲೆಯನ್ನು ತಾನೇ ಉರಿಸಿಕೊಳ್ಳುವುದು. ಇವರೆಲ್ಲ ಗಲಾಟೆಯವರು, ಬಂದರೆ ಮನೆಯವರಿಗೆಲ್ಲ ತಿಳಿಯುತ್ತದೆ. ನನಗೆ ಇವರ ಭಯವಿಲ್ಲ.

ಭಯ ಇರುವುದು ಓದಿಕೊಂಡವರದ್ದು. ಎರಡನೇ ಸಾಲಿನ ಕಾವಲಿನವರು ಬರಲು ತಡ ಮಾಡುತ್ತಾರೆ, ಮೊದಲ ಸಲಕ್ಕೆ ವಾರವೇ ಬೇಕು. ಆದರೆ ಬಂದವರು ಆ ಒಂದು ರೋಗಕ್ಕೇ ಅಳತೆ ಹಿಡಿದು ತಯಾರಾದವರು. ಕೆಲವರು ಬೀಗಕ್ಕೆ ಕೀಲಿಯ ಹಾಗೆ ಕೂರುವ ಕಣಗಳನ್ನು ಮಾಡಿ ರಕ್ತಕ್ಕೆ ಬಿಡುತ್ತಾರೆ, ಅವು ಹೋಗಿ ರೋಗಾಣುವಿಗೆ ಅಂಟಿಕೊಂಡು ಅದನ್ನು ಅಲ್ಲಾಡದ ಹಾಗೆ ಮಾಡುತ್ತವೆ. ಕೆಲವರು ನೇರವಾಗಿ ಹೋಗಿ, ರೋಗ ಹೊಕ್ಕ ನಮ್ಮದೇ ಜೀವಕೋಶವನ್ನು ಕೊಲ್ಲುತ್ತಾರೆ. ಕೆಲಸ ಮುಗಿದ ಮೇಲೆ ಬಹಳ ಜನ ಸಾಯುತ್ತಾರೆ, ಕೆಲವರು ಉಳಿಯುತ್ತಾರೆ. ಉಳಿದವರು ಮರೆಯುವುದಿಲ್ಲ. ನಿನಗೆ ಒಂಬತ್ತು ವರ್ಷದಲ್ಲಿ ಸಿಡುಬಿನಂಥ ಗುಳ್ಳೆ ಎದ್ದು ಹದಿನೈದು ದಿನ ಮಲಗಿದ್ದೆ, ನೆನಪಿದೆಯೇ? ನಾನು ನಿನ್ನ ಪಕ್ಕದಲ್ಲೇ ಮಲಗಿದ್ದೆ, ನನಗೆ ಒಂದು ಗುಳ್ಳೆಯೂ ಏಳಲಿಲ್ಲ. ಅಕ್ಕನನ್ನು ಕಂಡರೆ ರೋಗಕ್ಕೂ ಹೆದರಿಕೆ ಅಂತ ಓಣಿಯೆಲ್ಲ ಹೇಳಿಕೊಂಡು ಬಂದೆ ನೀನು. ಅದು ಹೆದರಿಕೆಯಲ್ಲ. ನೀನು ಹುಟ್ಟುವ ಮುಂಚೆಯೇ ನನಗೆ ಅದು ಬಂದು ಹೋಗಿತ್ತು. ಅಷ್ಟು ವರ್ಷದ ಮೇಲೂ ಯಾರೋ ಒಬ್ಬ ಮುದಿ ಕಾವಲಿನವನು ನನ್ನ ರಕ್ತದಲ್ಲಿ ಎಚ್ಚರವಾಗಿದ್ದ. ಬಾಗಿಲಿಗೆ ಬಂದ ಮುಖವನ್ನು ನೋಡಿ, ಇವನೇ ಅಂದ. ಲಸಿಕೆ ಅನ್ನುವುದೂ ಇಷ್ಟೇ, ಕಳ್ಳನ ಫೋಟೋವನ್ನು ಮುಂಚೆಯೇ ಕಾವಲಿನವರಿಗೆ ತೋರಿಸಿಡುವುದು.

ಹಾಗಾದರೆ ಅವರು ನಮ್ಮ ಮೈಯನ್ನೇ ಯಾಕೆ ತಿನ್ನುವುದಿಲ್ಲ? ಎದೆಯ ಮೂಳೆಯ ಹಿಂದೆ ಒಂದು ಗ್ರಂಥಿ ಇದೆ, ಅವರ ಶಾಲೆ ಅದು. ಅಲ್ಲಿ ಓದಲು ಬಂದವರಿಗೆ ನಮ್ಮ ಮೈಯ ಗುರುತುಗಳನ್ನೇ ತೋರಿಸುತ್ತಾರೆ. ಅದರ ಮೇಲೆ ಎರಗಿದವನು ಅಲ್ಲೇ ಸಾಯಬೇಕು. ಗುರುತನ್ನೇ ಓದಲಾಗದ ದಡ್ಡನೂ ಸಾಯಬೇಕು. ನೂರಕ್ಕೆ ನಾಲ್ಕೈದು ಜನ ಪಾಸಾಗಿ ಹೊರಗೆ ಬಂದರೆ ಹೆಚ್ಚು. ಇಂಥ ಶಾಲೆಯಲ್ಲಿ ಪಾಸಾದವರು ಅವರು, ಪುಟ್ಟ. ಗುರುತು ಅಂದೆನಲ್ಲ, ಅದನ್ನು ನೀನು ನೋಡಿದ್ದೀಯ. ಒಂದೇ ಹಾಳೆ ಮಡಚಿ ಮಾಡಿದ ಹದಿನಾರು ಪುಟದ ಒಂದೊಂದು ಫಾರಮಿನ ಮೊದಲ ಪುಟದ ತಳದಲ್ಲಿ ಸಣ್ಣ ಅಂಕಿ ಇರುತ್ತದೆ, ಪುಸ್ತಕದ ಹೆಸರಿನ ಮೊದಲ ಅಕ್ಷರ ಇರುತ್ತದೆ. ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ, ಹೊಲಿಯುವವಳ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. ಬೇರೆ ಪುಸ್ತಕದ ಫಾರಂ ಎಷ್ಟೇ ಚೆಂದ ಇರಲಿ, ಅಳತೆ ಎಷ್ಟೇ ಸರಿಯಿರಲಿ, ಗುರುತು ಬೇರೆಯಾದರೆ ಎತ್ತಿ ಹೊರಗಿಡುತ್ತೇನೆ. ನಿನ್ನ ಮೈಯ ಒಂದೊಂದು ಜೀವಕೋಶದ ಮೇಲೂ ಅಂಥದೊಂದು ಗುರುತಿದೆ. ನನ್ನ ಕಿಡ್ನಿಯ ಮೇಲೆ ಇರುವುದು ನನ್ನದು. ಒಂದೇ ತಾಯಿಯ ಮಕ್ಕಳಾದ್ದರಿಂದ ಅರ್ಧಕ್ಕರ್ಧ ಹೊಂದಿತು ಅಂತ ಅವತ್ತು ಡಾಕ್ಟರು ಸಂತೋಷಪಟ್ಟರು. ಉಳಿದ ಅರ್ಧ ಹೊಂದಲಿಲ್ಲ ಅಂತಲೂ ಅದರ ಅರ್ಥ. ಕಾವಲಿನವರಿಗೆ ಉಳಿದ ಅರ್ಧ ಸಾಕು.

ಆ ಮಾತ್ರೆ ಮಾಡುತ್ತಿದ್ದದ್ದು ಒಂದೇ ಕೆಲಸ, ಅವರ ಕಣ್ಣಿಗೆ ಮಂಪರು ಹಿಡಿಸುವುದು. ಅದಕ್ಕೇ ನಿನಗೆ ಬೇರೆಯವರಿಗಿಂತ ಬೇಗ ನೆಗಡಿ ಹಿಡಿಯುತ್ತಿದ್ದದ್ದು. ಈಗ ನೆಗಡಿ ಹಿಡಿಯುತ್ತಿಲ್ಲ ಅಂದರೆ ಮೈ ಗಟ್ಟಿಯಾಯಿತು ಅಂತಲ್ಲ, ಅವರು ಎದ್ದಿದ್ದಾರೆ. ಎದ್ದು, ಹತ್ತು ವರ್ಷದಿಂದ ಅಲ್ಲೇ ಕೂತಿರುವ ಒಂದು ಗುರುತನ್ನು ಓದುತ್ತಿದ್ದಾರೆ. ಅವರು ಕೆಟ್ಟವರಲ್ಲ. ನಿನ್ನನ್ನು ಉಳಿಸಬೇಕು ಅಂತಲೇ ಮಾಡುತ್ತಾರೆ, ಅದೇ ಭಯಂಕರ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಈ ಸಲ ಕೆಂಪಾಗುವುದಿಲ್ಲ, ಕೀವು ಬರುವುದಿಲ್ಲ, ಬಹುಶಃ ಜ್ವರವೂ ಬರುವುದಿಲ್ಲ. ನೋವಿಲ್ಲ ಅಂತ ನೀನು ಅಲ್ಲಿ ಸ್ಕ್ರೂ ತಿರುಗಿಸುತ್ತಿರುವಾಗ, ಈ ಸಾಲು ಓದುತ್ತಿರುವಾಗ, ಗೆದ್ದಲು ಪುಸ್ತಕ ತಿನ್ನುವ ಹಾಗೆ ಒಳಗಿನಿಂದ ನಡೆಯುತ್ತದೆ. ಗೆದ್ದಲು ಹಿಡಿದ ಪುಸ್ತಕ ಕಪಾಟಿನಲ್ಲಿ ನೆಟ್ಟಗೆ ನಿಂತಿರುತ್ತದೆ, ರಟ್ಟು ಹೊಳೆಯುತ್ತಿರುತ್ತದೆ. ಕೈಗೆ ತೆಗೆದುಕೊಂಡಾಗಲೇ ಹಗುರ ಅನ್ನಿಸುವುದು.

ಈಗ ನನ್ನ ಪಾಪ. ಹೋದ ವರ್ಷ, ಆಪರೇಷನ್ನಿಗೆ ಹತ್ತು ತುಂಬುವ ವಾರ, ಈ ಕಾವಲಿನ ವಿಷಯದ್ದೇ ಒಂದು ದಪ್ಪ ಪುಸ್ತಕ ಬೆನ್ನು ಮುರಿದು ನನ್ನ ಮೇಜಿಗೆ ಬಂತು. ದಾರ ಕಿತ್ತು ಫಾರಂಗಳನ್ನು ಬಿಡಿಸಿ ಗುಡ್ಡೆ ಹಾಕಿದ್ದೆ. ಸರೇಸು ಕಾಯುತ್ತಿತ್ತು, ನಾನು ಓದುತ್ತಿದ್ದೆ. ಬೇರೊಬ್ಬರ ಅಂಗ ಜೋಡಿಸಿದ ಮೇಲೆ ಏನಾಗುತ್ತದೆ ಅನ್ನುವ ಪುಟ. ಅದು ಮುಗಿಯಿತು, ಕೈಗೆ ಸಿಕ್ಕ ಮುಂದಿನ ಫಾರಂ ಎತ್ತಿಕೊಂಡೆ. ಅದರ ಮೊದಲ ಸಾಲಿನಲ್ಲೇ, ಅರ್ಧ ಪರಕೀಯವಾದದ್ದನ್ನು ದೇಹ ತನ್ನದೆಂದೇ ಸಹಿಸಿಕೊಳ್ಳುತ್ತದೆ, ಕಾವಲು ಕಣಗಳು ಅದರ ಸುತ್ತ ಶಾಂತವಾಗುತ್ತವೆ ಅಂತ ಇತ್ತು. ನನಗೆ ಅಲ್ಲೇ ಕಣ್ಣು ತುಂಬಿತು. ಸಂಜೆ ನೀನು ಬಂದಾಗ ಅದನ್ನೇ ಹೇಳಿದೆ. ಹತ್ತು ವರ್ಷ ಆಯ್ತಲ್ಲೋ, ಇನ್ನು ಅವರಿಗೂ ನಾನು ಮನೆಯವಳೇ, ಪುಸ್ತಕದಲ್ಲೇ ಬರೆದಿದೆ ಅಂದೆ. ನೀನು ಕೈ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ, ಪುಸ್ತಕದಲ್ಲೇ ಇದೆಯಾ ಅಕ್ಕ, ಅಂತ ಇನ್ನೊಂದು ಸಲ ಕೇಳಿದೆ. ಇದೆ ಅಂದೆ. ನೀನು ನಲ್ಲಿ ನಿಲ್ಲಿಸಿ ಕೇಳಿದ್ದು ಯಾಕೆ ಅಂತ ನನಗೆ ಇವತ್ತು ಬೆಳಗ್ಗೆ ತಿಳಿಯಿತು.

ಬೋಲ್ಟು ಅತ್ತ ಹೋದ ಮೇಲೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಲೈಬ್ರರಿಗೆ ಹೋದೆ. ಆ ಪುಸ್ತಕ ತೆಗೆಸಿದೆ. ನಾನೇ ಕಟ್ಟಿದ್ದು, ಒಂದು ದಾರವೂ ಸಡಿಲವಾಗಿಲ್ಲ. ಅಂಗ ಜೋಡಣೆಯ ಅಧ್ಯಾಯ ಹನ್ನೆರಡನೇ ಫಾರಮಿನಲ್ಲಿ. ನಾನು ಓದಿದ ಆ ಸಾಲು ಹದಿನೇಳನೆಯದರಲ್ಲಿ. ನಡುವೆ ನಾಲ್ಕು ಫಾರಂ, ಅರವತ್ತನಾಲ್ಕು ಪುಟ, ಅವತ್ತು ಗುಡ್ಡೆಯಲ್ಲಿ ಎಲ್ಲೋ ಕೆಳಗೆ ಬಿದ್ದಿದ್ದವು. ಹದಿನೇಳನೆಯದು ಗರ್ಭದ ಅಧ್ಯಾಯ. ತಾಯಿಯ ಹೊಟ್ಟೆಯಲ್ಲಿ ಬೆಳೆಯುವ ಮಗು ಅರ್ಧ ಅಪ್ಪನದು, ಆದರೂ ತಾಯಿಯ ಕಾವಲಿನವರು ಅದನ್ನು ಒಂಬತ್ತು ತಿಂಗಳು ಮುಟ್ಟದೆ ಬಿಡುತ್ತಾರೆ ಅಂತ. ಹೊಲಿಯುವಾಗ ತಳದ ಅಂಕಿ ನೋಡಿ ಎಲ್ಲವನ್ನೂ ಸರಿಯಾಗಿಯೇ ಜೋಡಿಸಿದ್ದೇನೆ. ಪುಸ್ತಕ ಸರಿಯಾಗಿ ಹೋಯಿತು, ತಪ್ಪಾಗಿ ಹೊಲಿದುಕೊಂಡದ್ದು ನನ್ನ ತಲೆಯೊಳಗೆ. ಮೂವತ್ತೆಂಟು ವರ್ಷ ಗುರುತು ನೋಡದೆ ಒಂದು ಹಾಳೆ ಮುಟ್ಟದವಳು ಅವತ್ತು ನೋಡಲಿಲ್ಲ, ಯಾಕೆಂದರೆ ಆ ಸಾಲು ನನಗೆ ಬೇಕಾಗಿತ್ತು. ಹನ್ನೆರಡು ವರ್ಷದ ಹುಡುಗಿಯ ಮಡಿಲಿಗೆ ಎಳೆಗೂಸನ್ನು ಹಾಕಿ ಅಮ್ಮ ಹೋದಳು. ಅವತ್ತಿನಿಂದ ನಾನು ನಿನ್ನನ್ನು ಹೆತ್ತವಳು ಅಂತಲೇ ಅಂದುಕೊಂಡಿದ್ದೆ. ನಾನು ನಿನ್ನನ್ನು ಹೆರಲಿಲ್ಲ ಪುಟ್ಟ. ಹೆತ್ತಿದ್ದರೂ ಕೊಟ್ಟ ಕಿಡ್ನಿಗೆ ಅದು ಲೆಕ್ಕವಿಲ್ಲ. ಹೊಟ್ಟೆಯೊಳಗಿನ ಕೂಸಿಗೆ ಇರುವ ಆ ಒಂಬತ್ತು ತಿಂಗಳ ವಿನಾಯಿತಿ ಅಕ್ಕನಿಗೆ ಹತ್ತು ವರ್ಷಕ್ಕೂ ಸಿಗುವುದಿಲ್ಲ. ನಾನು ಗುರುತು ನೋಡದೆ ಓದಿದೆ. ಅವರು ನೋಡದೆ ಬಿಡುವವರಲ್ಲ.

ನೀನೇ ಒಂದು ಸಲ ಹೇಳಿದ್ದೆ, ಲಿಫ್ಟಿನ ಕೆಳಗೆ ಒಂದು ಸೇಫ್ಟಿ ಬ್ರೇಕು ಇರುತ್ತದೆ, ಉಕ್ಕಿನ ಹಗ್ಗ ಕಡಿದು ಪೆಟ್ಟಿಗೆ ಬಿದ್ದರೆ ಹಳಿಯನ್ನು ಕಚ್ಚಿ ಹಿಡಿಯುತ್ತದೆ ಅಂತ. ನಿನ್ನ ಸರ್ವೀಸಿನಲ್ಲಿ ಅದು ಒಂದು ಸಲವೂ ಕಚ್ಚಿದ್ದನ್ನು ನೋಡಿಲ್ಲ ಅಂದಿದ್ದೆ. ಹಾಗಾದರೆ ಬಿಚ್ಚಿಡಬಹುದಲ್ಲ ಅಂತ ನಾನು ಕೇಳಿದ್ದಕ್ಕೆ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಈಗ ಅದೇ ನೋಟದಿಂದ ನಾನು ನಿನ್ನನ್ನು ನೋಡುತ್ತಿದ್ದೇನೆ ಅಂತ ತಿಳಿದುಕೋ.

ಲೈಬ್ರರಿಯಿಂದ ನೇರ ನಮ್ಮ ಡಾಕ್ಟರ ಹತ್ತಿರ ಹೋದೆ. ಪಟ್ಟಿಗಳನ್ನು ಮೇಜಿನ ಮೇಲಿಟ್ಟೆ, ಬೂಟಿನ ಮಾತು, ಬಚ್ಚಲಿನ ಮಾತು ಎರಡೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಧೈರ್ಯವಿರುತ್ತಿತ್ತು. ರಕ್ತ ನೋಡಬೇಕು, ಬಂದ ಗಂಟೆಯಲ್ಲೇ ಸೇರಿಸಿಕೊಳ್ಳುತ್ತೇವೆ, ಸೂಜಿಯಲ್ಲಿ ಜೋರಾದ ಔಷಧಿ ಕೊಟ್ಟರೆ ಕೆಲವೊಮ್ಮೆ ನಿಲ್ಲಿಸಬಹುದು ಅಂದರು. ಕೆಲವೊಮ್ಮೆ ಅಂದರು. ಅಲ್ಲಿ ನೀನಾಗಿಯೇ ಯಾವ ಮಾತ್ರೆಯನ್ನೂ ನುಂಗಬೇಡ, ಹೆದರಿದರೆ ಎರಡೆರಡು ನುಂಗುವ ಜಾಯಮಾನ ನಿನ್ನದು, ಅದಕ್ಕೇ ಪಟ್ಟಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ನೋವಿಗೆ ಅಂತ ಅಂಗಡಿ ಗುಳಿಗೆಯೂ ಬೇಡ. ಕೈ ನಡುಗುವುದಕ್ಕೆ ಮಾತ್ರೆಯ ಪ್ರಮಾಣ ಬದಲಾಯಿಸಬಹುದಿತ್ತು, ಒಂದು ಮಾತು ಕೇಳಬಾರದಿತ್ತೇ ಅಂತ ಡಾಕ್ಟರು ಅಂದರು. ಆ ಮಾತನ್ನು ಹಾಗೇ ನಿನಗೆ ದಾಟಿಸಿದ್ದೇನೆ, ನನ್ನದೇನೂ ಸೇರಿಸಿಲ್ಲ.

ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಇದೆ, ಬೂದು ಸ್ವೆಟರು ಬಣ್ಣ ಬಿಟ್ಟಿದೆ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಇರುವ ಸಿಟ್ಟಿಗೆ ಬೇರೆ ವಿಳಾಸವಿದೆ. ನೂರು ವರ್ಷ ಬಾಳು, ನನ್ನನ್ನು ಕಳಿಸಿ ಆಮೇಲೆ ಬಾ. ಆ ಕ್ರಮ ತಪ್ಪಿಸಬೇಡ.

ನಿನ್ನ ಅಕ್ಕ

ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ, ನಾನು ಅಂಟಿಸಿದ್ದನ್ನು ನಾನೇ ಕಿತ್ತದ್ದು ಇದೇ ಮೊದಲು. ಬೋಲ್ಟು ಬಾಗಿಲಲ್ಲಿ ಚೀಲ ಹೆಗಲಿಗೆ ಹಾಕಿ ನಿಂತಿದ್ದಾನೆ. ಒಂದು ಮಾತು ಬರೆಯಬಾರದು ಅಂದುಕೊಂಡಿದ್ದೆ. ನಿಲ್ಲದೆ ಹೋದರೆ ಮನೆಯಲ್ಲಿ ಇನ್ನು ಯಾರಾದರೂ ಕೊಡುವವರಿದ್ದಾರಾ ಅಂತ ಡಾಕ್ಟರು ಕೇಳಿದರು. ನನ್ನ ಹತ್ತಿರ ಇನ್ನೊಂದಿದೆ ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಗು ನಿಲ್ಲಿಸಿ, "ಅದು ಆಗಲ್ಲಮ್ಮ" ಅಂದು ಪೆನ್ನು ಕೆಳಗಿಟ್ಟರು. ಕೊಡುವುದಕ್ಕೆ ನನ್ನ ಹತ್ತಿರ ಇನ್ನೇನೂ ಇಲ್ಲ ಪುಟ್ಟ. ಅವನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರು, ಆಮೇಲೆ ಮೊದಲ ಬಸ್ಸಿಗೆ ಅವನನ್ನು ಹತ್ತಿಸಿ ನೀನೂ ಹತ್ತು ಅಂತ ಬೋಲ್ಟುಗೆ ಹೇಳಿದ್ದೇನೆ. ಉಪಕರಣದ ಪೆಟ್ಟಿಗೆ ಅಲ್ಲೇ ಇರಲಿ. ಚಪ್ಪಲಿಯಲ್ಲೇ ಬಾ. ಒಳಗಿರುವ ಅಕ್ಕ ಕರೆಯೋದು ಕಮ್ಮಿ ಮಾಡಿದ್ದಾಳೆ. ಹೊರಗಿರೋ ಅಕ್ಕ ಕರೀತಿದ್ದೀನಿ, ಎದ್ದು ಬಾ.